ಬಸ್ ನಿಲ್ದಾಣದಲ್ಲಿ ಹಿಂಡಿದ ಹಾಲು

ಪುಣೆ ಹತ್ತಿರದ ದೌಂಡಕ್ಕೆ ಸೊಸೆಯಾಗಿ ಬರುವ ತನಕ ನಾನು ಎಮ್ಮೆಯ ಹತ್ತಿರ ಹೋದವಳೇ ಅಲ್ಲ. ಬೆಳೆದದ್ದು ಪುಣೆಯ ಖಡಕಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಹಾಲೆಂದರೆ ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಪಾಕೀಟು. ಇಲ್ಲಿ ಗಂಡನಿಗೆ ರೈಲ್ವೆ ಕೆಲಸ, ವಾರದ ಹೆಚ್ಚಿನ ದಿನ ಸೊಲ್ಲಾಪುರದ ಗಾಡಿಯಲ್ಲೇ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ಹಿತ್ತಲಲ್ಲಿ, ಕಬ್ಬಿನ ಹೊಲಕ್ಕೆ ಒತ್ತಿಕೊಂಡಿದ್ದ ತಗಡಿನ ಶೆಡ್ಡಿನಲ್ಲಿ, ಅತ್ತೆಯ ಎಮ್ಮೆ ಮತ್ತು ಅದರ ಕರು. ಯಾದಗಿರಿ ಕಡೆಯ ಅತ್ತೆ ಚಿಕ್ಕ ವಯಸ್ಸಿನಲ್ಲೇ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದವರು. ಮಗನಿಗೆ ನೌಕರಿ ಸಿಕ್ಕ ಮೇಲೆ ತಲೆಯ ಮೇಲಿನ ಸಿಮೆಂಟಿನ ಬುಟ್ಟಿ ಇಳಿಸಿ ಎಮ್ಮೆ ಕಟ್ಟಿದರು.

ನಾನು ಬಂದ ವರ್ಷ ಹೋಳಿ ಹುಣ್ಣಿಮೆಗೆ ಮೊದಲೇ ಬಿಸಿಲು ಏರಿತು. ಮಧ್ಯಾಹ್ನ ಎಮ್ಮೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಮುಂದೆ ಹಾಕಿದ ಮೇವನ್ನು ಮೂಸಿ ಬಿಡುತ್ತಿತ್ತು. ಹಾಲು ಅರ್ಧಕ್ಕಿಳಿಯಿತು. ದನದ ಡಾಕ್ಟರು ಬಂದು ನೋಡಿ, ರೋಗವೇನೂ ಇಲ್ಲ, ಕಪ್ಪು ಚರ್ಮಕ್ಕೆ ಈ ಬಿಸಿಲು ತಡೆಯಲಾಗುತ್ತಿಲ್ಲ, ತಂಪು ಹೊತ್ತಿನಲ್ಲಿ ಮೇವು ಹಾಕಿ, ಮೈ ಒದ್ದೆ ಇಡಿ ಎಂದರು. ನಾವು ಕಬ್ಬಿನ ಒಣ ಸೋಗೆ ತಂದು ತಗಡಿನ ಮೇಲೆ ಹಾಸಿದೆವು, ಗೋಣಿಚೀಲ ನೆನೆಸಿ ಸುತ್ತಲೂ ಇಳಿಬಿಟ್ಟೆವು. ಆದರೆ ನಮ್ಮ ಬೋರ್‌ವೆಲ್ಲಿನ ನೀರು ಎಳೆಯಂತೆ ಬರುತ್ತಿತ್ತು. ನಮ್ಮ ಮೈಗೇ ಸಾಲದು, ಎಮ್ಮೆಯ ಮೈಗೆ ಎಲ್ಲಿಂದ ತರುವುದು?

ಅಷ್ಟರಲ್ಲಿ ಹೊಲಗಳಿಗೆಂದು ಕಾಲುವೆಗೆ ನೀರು ಬಿಟ್ಟರು. ಎಮ್ಮೆಗೆ ವಾಸನೆ ಬಡಿಯಿತೋ ಏನೋ, ಹಗ್ಗ ಕಿತ್ತುಕೊಂಡು ನೇರ ಹೋಗಿ ನೀರಿಗಿಳಿಯಿತು. ನಾವು ಓಡಿ ಹೋಗಿ ನೋಡಿದರೆ ಮೇಲೆ ಕಾಣುತ್ತಿದ್ದುದು ಎರಡು ಕೊಂಬು, ಮೂಗಿನ ಹೊಳ್ಳೆ ಅಷ್ಟೆ. ಅತ್ತೆ ಕರೆದಷ್ಟೂ ಅದು ಕಣ್ಣು ಮುಚ್ಚಿಕೊಂಡಿತು. ಕೊನೆಗೆ ಅವರು ದಂಡೆಯ ಮೇಲೆ ಕೂತು ನಕ್ಕುಬಿಟ್ಟರು.

"ಇರ್ಲಿ ಬಿಡವಾ. ನನಗೂ ಇಳೀಬೇಕು ಅನಸಾಕತ್ತದ."

ಮರುದಿನದಿಂದ ಊಟವಾದ ಮೇಲೆ ಎಮ್ಮೆಯನ್ನು ಕಾಲುವೆಗೆ ಬಿಡುವುದು, ಸಂಜೆ ಕರೆತರುವುದು ರೂಢಿಯಾಯಿತು. ಕೆಲವೇ ದಿನಗಳಲ್ಲಿ ಅದು ಮೇವಿಗೆ ಬಾಯಿ ಹಾಕಿತು, ಹಾಲೂ ಏರಿತು.

ಒಂದು ಮಧ್ಯಾಹ್ನ ಅತ್ತೆ ಸಂತೆಗೆ ಹೋಗಿದ್ದರು. ಸಂಜೆಯಾಗುತ್ತ ಬಂದಾಗ ಆಕಾಶ ಇದ್ದಕ್ಕಿದ್ದಂತೆ ಹಳದಿಗೆ ತಿರುಗಿತು, ಗಾಳಿಗೆ ಕಬ್ಬು ಒಂದೇ ಕಡೆ ಬಾಗಿತು. ಮಳೆಗಾಲ ಇನ್ನೂ ದೂರವಿತ್ತು; ಆದರೂ ಗುಡುಗು ಶುರುವಾಯಿತು. ನಾನು ಕಾಲುವೆಗೆ ಓಡಿ ಕನ್ನಡದಲ್ಲಿ ಕರೆದೆ, ಮರಾಠಿಯಲ್ಲಿ ಕರೆದೆ, ಬೈದೆ, ಬೇಡಿಕೊಂಡೆ. ಎಮ್ಮೆ ಕಿವಿ ಆಡಿಸಿತು, ಅಷ್ಟೆ. ಮಿಂಚು ಹೊಡೆಯಿತು. ಆಗ ಕರು ನೆನಪಾಯಿತು. ಮನೆಗೆ ಓಡಿ ಕರುವನ್ನು ಬಿಚ್ಚಿದೆ. ಅದು ಗುಡುಗಿಗೆ ಹೆದರಿ ನಡೆಯಲೊಲ್ಲದು. ಒಂದಿಷ್ಟು ಎಳೆದೆ, ಒಂದಿಷ್ಟು ಎತ್ತಿಕೊಂಡೆ, ಹೇಗೋ ದಂಡೆಗೆ ತಂದೆ. ಅದು ಒಮ್ಮೆ ಕೂಗಿದ್ದೇ ತಡ, ಎಮ್ಮೆ ನೀರು ಸುರಿಸುತ್ತ ಮೇಲೆದ್ದು ಬಂತು.

ಮಳೆಯ ಜೊತೆ ಆಲಿಕಲ್ಲು ಬೀಳಲು ಶುರುವಾಯಿತು. ಮನೆಗಿಂತ ರಸ್ತೆಯ ಬಸ್ ನಿಲ್ದಾಣವೇ ಹತ್ತಿರವೆಂದು ಎರಡನ್ನೂ ಹೊಡೆದುಕೊಂಡು ಅತ್ತ ಓಡಿದೆ. ಒಳಗೆ ಪುಣೆಯ ಬಸ್ಸಿಗೆ ಕಾದವರು ಗುಂಪಾಗಿ ನಿಂತಿದ್ದರು. ಅವರ ನಡುವೆ ಸ್ಟೇಷನ್ ಹತ್ತಿರದ ಹೋಟೆಲಿನ ಯಜಮಾನರೂ ಇದ್ದರು. ಉಡುಪಿ ಕಡೆಯವರು, ಸಂಜೆಯ ಹಾಲಿಗೆಂದು ಕ್ಯಾನ್ ಹಿಡಿದು ನಮ್ಮ ಮನೆಗೇ ಹೊರಟಿದ್ದವರು ಮಳೆಗೆ ಅಲ್ಲೇ ನಿಂತಿದ್ದರು. ಸ್ವಲ್ಪ ಸರಿಯಿರಿ ಎಂದು ನಾನು ಮರಾಠಿಯಲ್ಲಿ ಕೇಳಿದ್ದಕ್ಕೆ ಎಲ್ಲರೂ ಗೋಡೆಗೆ ಅಂಟಿಕೊಂಡರು. ಎಮ್ಮೆ ಒಳಗೆ ಬಂದು ಮೈ ಕೊಡವಿತು. ಅಲ್ಲಿಯವರೆಗೆ ನೆನೆಯದಿದ್ದವರೂ ನೆನೆದರು. ಕರುವಿನ ಹಿಂಭಾಗ ಹೊರಗೇ ಉಳಿದಿತ್ತು. ಆಫೀಸಿನ ಚೀಲ ಹಾಕಿಕೊಂಡಿದ್ದ ಹೆಂಗಸೊಬ್ಬರು ತಮ್ಮ ಕೊಡೆ ಬಿಚ್ಚಿ ಅದರ ಮೇಲೆ ಹಿಡಿದರು.

ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಗೋಣಿಚೀಲ ಹೊದ್ದು ಅತ್ತೆ ಹುಡುಕಿಕೊಂಡು ಬಂದರು. ನಮ್ಮನ್ನು ಕಂಡು ಅಲ್ಲೇ ನಿಂತು ಉಸಿರು ಬಿಟ್ಟರು. ಹಾಲು ಹಿಂಡುವ ಹೊತ್ತು ಮೀರಿತ್ತು, ಕರು ಕೆಚ್ಚಲಿಗೆ ಗುದ್ದುತ್ತಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ, ಯಜಮಾನರ ಕೈಯಿಂದ ಕ್ಯಾನ್ ಇಸಿದುಕೊಂಡು, ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮೇಲೆ ಸೂರು ಸೋರುತ್ತಿತ್ತು. ಒಂದೆರಡು ಹನಿ ಸೀದಾ ಕ್ಯಾನಿನೊಳಗೇ ಬಿದ್ದವು. ಯಜಮಾನರು ಗಂಭೀರವಾಗಿ ಹೇಳಿದರು:

"ಅಮ್ಮ, ಇವತ್ತಿನ ಹಾಲಿಗೆ ನೀರು ಹಾಕಿದ್ದು ಮೇಲಿನವನೇ ಮಾರಾಯ್ರೆ. ನಾನೇ ಸಾಕ್ಷಿ."

ಅತ್ತೆ ಕ್ಯಾನನ್ನು ಎಮ್ಮೆಯ ಹೊಟ್ಟೆಯ ಕೆಳಗೆ ಸರಿಸಿದರು, ತಲೆ ಎತ್ತಲಿಲ್ಲ. "ಭಾಳ ದಿನಕ್ಕ ಬಂದಾನ್ರಿ. ಅವಂದೂ ಒಂದೀಟು ಪಾಲು ಇರ್ಲಿ."

ಉಳಿದವರಿಗೆ ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಆ ನಿಲ್ದಾಣ ಅಷ್ಟು ನಕ್ಕದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಬಸ್ಸು ಬಂದು ಹಾರ್ನ್ ಹೊಡೆದರೂ, ಕೊಡೆಯ ಹೆಂಗಸು ಕರುವಿನ ಬೆನ್ನು ಸವರಿಯೇ ಹತ್ತಿದರು.

ಮಳೆ ನಿಂತಾಗ ಗಾಳಿ ಹಿತವಾಗಿ ತಣ್ಣಗಿತ್ತು. ಪಕ್ಕದ ಹೊಲದ ಕಬ್ಬು ಅಲ್ಲಲ್ಲಿ ಮಲಗಿತ್ತು. ಹೊಲದವರು ನೋಡಿಕೊಂಡು ಬಂದು, ಬೇರು ಗಟ್ಟಿಯಿದೆ, ಏಳುತ್ತದೆ ಎಂದರು. ಅತ್ತೆ ಹುಲ್ಲಿನಲ್ಲಿ ಬಿದ್ದಿದ್ದ ಆಲಿಕಲ್ಲು ಆರಿಸಿ ತಾವೊಂದು ಬಾಯಿಗೆ ಹಾಕಿಕೊಂಡು ನನಗೊಂದು ಕೊಟ್ಟರು.

ಮರುದಿನ ಬೆಳಿಗ್ಗೆ ಅವರು ಕೆಚ್ಚಲು ತೊಳೆದು, ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದರು. ನನಗೆ ಬರುವುದಿಲ್ಲ ಎಂದೆ. "ಬರ್ತದ, ಕೂಡು," ಎಂದರು. ಮೊದಲ ಧಾರೆ ನನ್ನ ತೋಳಿಗೆ ಬಿತ್ತು, ಎರಡನೆಯದು ಅತ್ತೆಯ ಪಾದಕ್ಕೆ. ಎಮ್ಮೆ ಒಮ್ಮೆ ತಿರುಗಿ ನನ್ನ ಮುಖ ನೋಡಿತು, ಆಮೇಲೆ ಮೇವಿನ ಕಡೆ ತಿರುಗಿ ಮೆಲ್ಲಗೆ ಅಗಿಯತೊಡಗಿತು.