ತಿರುಗಿಸಿ ನೋಡು ಎಂದ ಅತ್ತೆ

ಅತ್ತೆಯ ಬಲಗೈ ಹೆಬ್ಬೆರಳಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅದಕ್ಕೆ ಸ್ಪರ್ಶಜ್ಞಾನವೇ ಇರಲಿಲ್ಲ. ಶಾಖವನ್ನು ಚಿತ್ರವಾಗಿ ಹಿಡಿಯುವ ಕ್ಯಾಮೆರಾಗಳನ್ನು ಉಪಗ್ರಹಗಳಿಗೆಂದು ಮಾಡುವುದು ಅವರ ಕೆಲಸವಾಗಿತ್ತು. ಆ ಕ್ಯಾಮೆರಾದ ಕಣ್ಣನ್ನು ತಣ್ಣಗಿಡುವ ದ್ರವ ಸಾರಜನಕ ಹರೆಯದಲ್ಲೊಮ್ಮೆ ಬೆರಳಿಗೆ ತಾಗಿತ್ತಂತೆ. ನಿವೃತ್ತರಾಗಿ ಪುತ್ತೂರು ದರ್ಬೆಯ ನಮ್ಮ ಮನೆಗೆ ಬಂದ ಮೇಲೆ ಅದೇ ಬೆರಳಿನಿಂದ ಕಾವಲಿಯ ನೀರುದೋಸೆ ಎತ್ತುತ್ತಿದ್ದರು. ನಾನೂ ವಿಜ್ಞಾನಿಯಾಗುವ ಹುಮ್ಮಸ್ಸಿನಲ್ಲಿ ಹಾಗೆಯೇ ಎತ್ತಲು ಹೋಗಿ ವಾರವಿಡೀ ಚಮಚದಲ್ಲಿ ಉಂಡೆ.

ಮನೆಯಲ್ಲಿ ಅವರೇ ಜೋಡಿಸಿದ ಪುಟ್ಟ ಕ್ಯಾಮೆರಾ ಒಂದಿತ್ತು. ಗೋಡೆಯೊಳಗೆ ವಯರು ಬಿಸಿಯಾಗಿದ್ದರೆ ಅದರಲ್ಲಿ ಬಿಳಿ ಚುಕ್ಕೆ ಕಾಣುತ್ತಿತ್ತು. ಅವರಿಗೆ ಹೇಳದೆ ಅದನ್ನು ಕಬಕದಲ್ಲಿದ್ದ ಬ್ಯಾರಿ ಗೆಳೆಯನ ಮನೆಗೆ ಒಯ್ದೆ. ಚಾವಡಿಯಲ್ಲಿ ಚುಕ್ಕೆ, ಅಡುಗೆಮನೆಯಲ್ಲಿ ಚುಕ್ಕೆ, ಬಚ್ಚಲಲ್ಲೂ ಚುಕ್ಕೆ. ಮನೆಗೆ ಬೆಂಕಿ ಬೀಳುತ್ತದೆಂದು ಘೋಷಿಸಿ ಮೈನ್ ಸ್ವಿಚ್ ತೆಗೆಸಿದೆ. ಗೆಳೆಯನ ಮುದಿ ತಾಯಿ ಉಮ್ಮನನ್ನು ಕುರ್ಚಿ ಸಮೇತ ಅಂಗಳಕ್ಕೆ ಹೊರಿಸಿದೆ. ಆಮೇಲೆ ನೋಡಿದರೆ ಬಾವಿಯೊಳಗೂ ಚುಕ್ಕೆ.

"ಬಾವಿಗೂ ಕರೆಂಟುಂಟಾ ಮೋನೇ?" ಎಂದು ಉಮ್ಮ ಬಿಸಿಲಲ್ಲಿ ಕೂತು ವಿಚಾರಿಸಿದರು.

ಸುದ್ದಿ ಕೇಳಿ ಅತ್ತೆ ರಿಕ್ಷಾದಲ್ಲಿ ಬಂದರು. ಬೈಯಲಿಲ್ಲ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಗೆ ಹಿಡಿದರು. ಚುಕ್ಕೆ ಗೋಡೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಹಾರಿತು.

"ತಿರುಗಿಸಿ ನೋಡುದು ಅಂತ ಒಂದುಂಟು. ಚುಕ್ಕೆ ಜಾಗ ಬಿಟ್ಟು ಓಡಿದ್ರೆ ಅದು ಕ್ಯಾಮೆರಾದ್ದು. ಕೂತಲ್ಲೇ ಕೂತ್ರೆ ಗೋಡೆದ್ದು."

ಯಂತ್ರದ ಸುಳ್ಳನ್ನು ಚಿತ್ರದಿಂದ ಹೆಕ್ಕಿ ತೆಗೆಯುವುದೇ ತನ್ನ ಜೀವಮಾನದ ಕಸುಬು ಎನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿತು. ಪುತ್ತೂರಿನಲ್ಲೇ ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶದಲ್ಲಿ ಚುಕ್ಕೆ. ಯಂತ್ರ ಹಳತಾಗಿರಬೇಕು ಎಂದರು ಅಪ್ಪ, ಅಂದರೆ ಅತ್ತೆಯ ತಮ್ಮ. ಕಬಕದ ಅನುಭವಸ್ಥ ನಾನು ತಲೆಯಾಡಿಸಿದೆ. ಅತ್ತೆ ತನ್ನನ್ನು ಕವುಚಿ ಮಲಗಿಸಿ ಇನ್ನೊಮ್ಮೆ ತೆಗೆಯಲು ಕೇಳಿಕೊಂಡರು. ಮೈ ತಿರುಗಿದರೂ ಚುಕ್ಕೆ ಶ್ವಾಸಕೋಶದ ಅದೇ ಜಾಗದಲ್ಲಿ ಕೂತಿತ್ತು. ಸ್ಕ್ಯಾನ್ ಮಾಡಿದ ಸುಳ್ಯದ ಹುಡುಗಿ ಮುಖ ಎತ್ತಲಿಲ್ಲ. ಅತ್ತೆ ಪರದೆಯನ್ನು ತುಂಬ ಹೊತ್ತು ನೋಡಿ ಅವಳ ಹೆಗಲು ಮುಟ್ಟಿದರು.

"ಫೋಟೋ ಲಾಯ್ಕ ಬಂದುಂಟು ಮಗಾ."

ಸೂಜಿ ಹಾಕಿ ತೆಗೆದ ಚೂರೂ ಕ್ಯಾನ್ಸರ್ ಎಂದೇ ಹೇಳಿತು. ಹರಡಿಯಾಗಿತ್ತು. ಅಪ್ಪ ಮಾತ್ರ ಬೇರೆ ಮಾತು ಹೇಳುವ ಡಾಕ್ಟರನ್ನು ಹುಡುಕಿಕೊಂಡು ಮಂಗಳೂರಿಗೆ ಓಡಾಡುತ್ತಲೇ ಇದ್ದರು. ನೋಡಲು ಬಂದವರೆಲ್ಲ ಮುಖದಲ್ಲಿ ಕಳೆ ಬಂದಿದೆ ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಅತ್ತೆ ನನ್ನನ್ನು ಕರೆದು ಒಂದು ಕೆಲಸ ಒಪ್ಪಿಸಿದರು: ದಿನಾ ಬೆಳಿಗ್ಗೆ ತಾನು ಹೇಗೆ ಕಾಣುತ್ತೇನೆಂದು ಹೇಳಬೇಕು, ಕಂಡ ಹಾಗೆಯೇ.

ಮೊದಲ ದಿನ ಸಿನಿಮಾ ನಟಿಯ ಹಾಗೆ ಅಂದೆ. ಮುಖ ಗೋಡೆಗೆ ತಿರುಗಿಸಿದರು. ಗಂಜಿ ಮುಟ್ಟಲಿಲ್ಲ. ಮರುದಿನ, ಕಣ್ಣು ಒಳಗೆ ಹೋಗಿದೆ, ಪಾದ ಊದಿದೆ ಎಂದೆ. ಅತ್ತೆ ಎದ್ದು ಕೂತು ಎರಡು ಚಮಚ ಗಂಜಿ ಉಂಡರು. ಊರಿಗೆಲ್ಲ ಬುರುಡೆ ಬಿಡುವ ನನಗೆ ಅದಕ್ಕಿಂತ ಕಷ್ಟದ ಉದ್ಯೋಗ ಯಾರೂ ಕೊಟ್ಟಿಲ್ಲ.

ಒಂದು ದಿನ ಬೆಳಿಗ್ಗೆ ಅಪ್ಪ ಮಂಗಳೂರಿನ ಬಸ್ಸಿಗೆಂದು ರಿಪೋರ್ಟುಗಳ ಚೀಲ ಹಿಡಿದು ಗೇಟಿನವರೆಗೆ ಹೋಗಿದ್ದರು. ಅತ್ತೆಯ ಉಸಿರು ನಿಂತು ನಿಂತು ಬರುತ್ತಿತ್ತು. ಕಣ್ಣಲ್ಲೇ ಕೇಳಿದರು.

"ಇವತ್ತು ಹೊರಟ ಹಾಗೆ ಕಾಣ್ತೀರಿ ಅತ್ತೆ," ಎಂದೆ.

"ಹೌದಾ? ಹಾಗಾದ್ರೆ ಅವನನ್ನು ಬಸ್ಸಿಗೆ ಬಿಡ್ಬೇಡ."

ಓಡಿಹೋಗಿ ಅಪ್ಪನ ಕೈಯ ಚೀಲ ಕಿತ್ತುಕೊಂಡೆ. ಅವರು ಒಳಗೆ ಬಂದು ತನ್ನ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಗಂಟೆ ಕಳೆಯುವುದರೊಳಗೆ ಅತ್ತೆ ಹೋದರು.

ಚೆನ್ನಾಗಿದ್ದೀರಿ ಎಂದು ನಾನು ಹೇಳಿದ್ದರೆ, ಅಷ್ಟು ಹೊತ್ತಿಗೆ ಅಪ್ಪನ ಬಸ್ಸು ಮಂಗಳೂರು ದಾರಿಯ ಮಾಣಿ ದಾಟಿರುತ್ತಿತ್ತು.