ಕವಡಿ, ಕವಡ್ಯಾ

ಆಗ ನನಗೆ ಐವತ್ತೆಂಟು. ಈಗ ಒಂಬತ್ತು ವರ್ಷವಾಯಿತು. ಮುಂಬಯಿಯ ವಿಕ್ರೋಳಿಯ ನರ್ಸರಿಯೊಂದರಲ್ಲಿ ನಾನೂ ನನ್ನ ನೆಗೆಣ್ಣಿಯೂ ಗಿಡದ ಕುಂಡ ಹೊರುತ್ತಿದ್ದೆವು. ಮೈದುನನ ಹೆಂಡತಿ ಎಂದು ಒಂದೇ ಖೋಲಿಯಲ್ಲಿದ್ದೆವೇ ಹೊರತು ನಮ್ಮಿಬ್ಬರದು ಅಷ್ಟಕ್ಕಷ್ಟೆ.

ಮಳೆಗಾಲದ ಒಂದು ಬೆಳಿಗ್ಗೆ ಖಾಲಿ ಕುಂಡ ಸರಿಸುವಾಗ ಅವಳ ಬೆರಳಿಗೆ ಹಾವು ಕಚ್ಚಿತು. ಅದು ಗೋಡೆಯ ಸಂದಿಗೆ ನುಗ್ಗುವಾಗ ನಾನು ನೋಡಿದೆ. ಕರಿ ಮೈ, ಬಿಳಿ ಪಟ್ಟಿ. ಯಾವ ಹಾವು ಎಂದು ಕೆಲಸ ಮಾಡಿಸುವ ಮುಕಾದಮ ಓಡಿ ಬಂದ. ಕವಡಿ ಎಂದೆ. ನಮ್ಮೂರಲ್ಲಿ ಜೀವ ತೆಗೆಯುವ ಹಾವಿಗೆ ಆ ಹೆಸರು. ಮೈಮೇಲೆ ಕವಡಿ ಪೋಣಿಸಿದ ಹಾಗೆ ಕಾಣುತ್ತದೆ.

ಮರಾಠಿಯವನಾದ ಮುಕಾದಮನ ಗಾಬರಿ ಇಳಿಯಿತು. "ಕವಡ್ಯಾ? ಅರೇ ಮೌಶಿ, ತ್ಯಾಲಾ ವಿಷ್ ನಾಹಿ."

ವಿಷವಿಲ್ಲವಂತೆ. ಊರಿನ ಕವಡಿ ಬೇರೆ, ಇಲ್ಲಿಯದು ಬೇರೆ ಇರಬೇಕು ಎಂದುಕೊಂಡೆ. ಇಲ್ಲಿಯ ಹಾವು ಅವನಿಗೆ ಗೊತ್ತು. ಬೆರಳು ಬಾತಿರಲಿಲ್ಲ, ನೋವೂ ಇರಲಿಲ್ಲ. ಅರಿಶಿನ ಹಚ್ಚಿದೆ.

"ನಾ ಸಾಯ್ತೀನಂತ ಮಾಡಿದ್ದಿಯೇನ ಯಕ್ಕಾ? ನಿನ್ನ ಕಳಿಸಿಯೇ ಹೋಗಾಕಿ ನಾ," ಎಂದು ನೆಗೆಣ್ಣಿ ಕುಂಡ ಎತ್ತಿದಳು.

ಮಧ್ಯಾಹ್ನ ಹೊಟ್ಟೆ ನೋವು ಎಂದಳು. ತಂಗಳನ್ನ ತಿಂದಿದ್ದಕ್ಕೆ ಎಂದು ಬೈದೆ. ರೆಪ್ಪೆ ಜೋತುಬಿದ್ದವು. ಕೆಲಸಗಳ್ಳಿ, ನಿದ್ದೆ ಬಂತೇನು ಎಂದೂ ಕೇಳಿದೆ. ನಾಲಿಗೆ ತೊದಲಿದ ಮೇಲೆ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರು ಮೊಬೈಲಿನಲ್ಲಿ ಎರಡು ಹಾವು ತೋರಿಸಿದರು. ಒಂದಕ್ಕೆ ಕುತ್ತಿಗೆಯಿಂದಲೇ ಪಟ್ಟಿ, ಬಾಲದ ಕಡೆ ಮಾಸಿದ್ದವು. ಅದು ಕವಡ್ಯಾ, ವಿಷವಿಲ್ಲದ್ದು, ಎಂದರು. ಇನ್ನೊಂದಕ್ಕೆ ಕುತ್ತಿಗೆ ಬಿಟ್ಟು ಕೆಳಗಿನಿಂದ ಜೋಡಿ ಜೋಡಿ ಗೆರೆ, ಬಾಲದ ತನಕ. ನಾನು ಎರಡನೆಯದರ ಮೇಲೆ ಬೆರಳಿಟ್ಟೆ. ಮಣ್ಯಾರ್, ಎಂದರು. ನಮ್ಮ ಕವಡಿಗೆ ಮುಂಬಯಿಯಲ್ಲಿ ಹೆಸರು ಅದು. ತಡವಾಗಿ ತಂದಿರಿ ಎಂದು ಒಳಗೆ ಓಡಿದರು.

ಸಂಜೆಗೆ ಅವಳು ಹೋದಳು.

ಮರುದಿನ ಬೆಳಿಗ್ಗೆ, ಹೆಣ ಕೊಡುವುದು ಹತ್ತರ ಮೇಲೆ ಎಂದಿದ್ದರಿಂದ ನರ್ಸರಿಗೆ ಹೋದೆ. ಮುಕಾದಮ ತಲೆ ತಗ್ಗಿಸಿಕೊಂಡೇ, ನೀನೇ ಕವಡ್ಯಾ ಅಂದೆಯಲ್ಲ ಮೌಶಿ, ಎಂದ. ನಾನು ಅಂದದ್ದು ಕವಡಿ; ಅವನ ಕಿವಿಗೆ ಬಿದ್ದದ್ದು ಕವಡ್ಯಾ, ಅದೂ ಸುಳ್ಳೇನಲ್ಲ. ಮರದ ಬುಡಕ್ಕೆ ಬಳಿಯುವ ಸುಣ್ಣದ ಡಬ್ಬಿ ತೆಗೆದುಕೊಂಡು ಕುಂಡಗಳ ಹಿಂದಿನ ಗೋಡೆಯ ಮೇಲೆ ಎರಡು ಹಾವು ಬರೆದೆ. ಒಂದಕ್ಕೆ ಕುತ್ತಿಗೆಯಿಂದ ಪಟ್ಟಿ, ಇನ್ನೊಂದಕ್ಕೆ ಕೆಳಗಿನಿಂದ ಜೋಡಿ ಗೆರೆ. ಎರಡನೆಯದರ ಪಕ್ಕ ಒಂದು ಹೆಣ ಬರೆದೆ. ಹೆಸರು ಬರೆಯುವಷ್ಟು ಅಕ್ಷರ ನನಗೆ ಬರುತ್ತದೆ. ಹಾವಿನ ಹೆಸರು ಮಾತ್ರ ಯಾವುದಕ್ಕೂ ಬರೆಯಲಿಲ್ಲ. ಕೈ ತೊಳೆದುಕೊಂಡು ಹೆಣ ತರಲು ಹೋದೆ.