ಸಿಮ್ ಸಾಹೇಬರು ಹೇಳಿದ ಒಂದೇ ಸುಳ್ಳು

ಹರಿಹರದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅಂಗಡಿ ಎನ್ನುವುದು ನನ್ನ ದೊಡ್ಡಸ್ತಿಕೆ. ಎರಡು ಮಿಷನ್ನು, ಒಂದು ಕುರ್ಚಿ ಇಟ್ಟ ಮೇಲೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಅದರ ಮಗ್ಗುಲಿಗೆ ಫುಟ್‌ಪಾತಿನ ಮೇಲೆ ಹದಿನೇಳು ವರ್ಷದಿಂದ ಒಂದು ದೊಡ್ಡ ಕೊಡೆ, ಕೊಡೆಯ ಕೆಳಗೆ ಫಜಲುಲ್ಲಾ ಸಾಹೇಬರು. ಸಿಮ್ ಮಾರುವುದು, ರೀಚಾರ್ಜ್ ಮಾಡುವುದು ಅವರ ಕಸುಬು. ಊರವರ ಬಾಯಲ್ಲಿ ಅವರು ಸಿಮ್ ಸಾಹೇಬ್ರು. ನಾನು ಎರ್ರಿಸ್ವಾಮಿ. ಅವರ ಬಾಯಲ್ಲಿ ಬರೀ ಸ್ವಾಮಿ.

ಸಿಮ್ ಮಾರುವವರು ಹರಿಹರದಲ್ಲೂ ದಾವಣಗೆರೆಯಲ್ಲೂ ಗಲ್ಲಿಗೊಬ್ಬರಿದ್ದಾರೆ. ಆಧಾರ್ ಇಸಿದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಸಿಮ್ ಕೊಟ್ಟು ಕಳಿಸುತ್ತಾರೆ. ಸಾಹೇಬರದು ಹಾಗಲ್ಲ, ಮೊದಲು ವಿಚಾರಣೆ. ಯಾವ ಊರು, ಯಾವ ಓಣಿ, ಮನೆ ತಗ್ಗಿನಲ್ಲಿದೆಯೋ ದಿಬ್ಬದ ಮೇಲಿದೆಯೋ, ಮೇಲೆ ತಗಡೋ ಆರ್‌ಸಿಸಿಯೋ, ಮಾತಾಡುವುದು ಯಾವ ಕೋಣೆಯಲ್ಲಿ ಕೂತು. "ಸಾಹೇಬ್ರೆ, ನೀವು ಸಿಮ್ ಕೊಡ್ತೀರೋ, ನಮ್ಮನಿಗೆ ಹೆಣ್ಣು ಕೊಡ್ತೀರೋ?" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು.

ಭಾನುವಾರ ಬಂತೆಂದರೆ ಮೊಪೆಡ್ ಹತ್ತಿ, ಮೂರು ಕಂಪನಿಯ ಮೂರು ಫೋನು ಜೇಬಿಗಿಟ್ಟುಕೊಂಡು ಊರೂರು ಸುತ್ತುತ್ತಿದ್ದರು. ಯಾರೂ ಹೇಳಿ ಕಳಿಸಿದ್ದಲ್ಲ, ಅದೊಂದು ಹುಚ್ಚು. ಶಾಮನೂರಿನ ಹೊಸ ಲೇಔಟಿನಲ್ಲಿ ಮೂರನೇ ಮಹಡಿಯ ಬಚ್ಚಲಲ್ಲೂ ನಾಲ್ಕು ಕಡ್ಡಿ ಸಿಗ್ನಲ್. ಅದೇ ಶಾಮನೂರಿನ ಹಳೇ ಓಣಿಯಲ್ಲಿ ಎರಡು ಗೋಡೆಗಳ ನಡುವೆ ಒಂದೇ ಕಡ್ಡಿ. ಲೋಕಿಕೆರೆಯಲ್ಲಿ ಒಂದು ಕಂಪನಿಯದು ಊರೊಳಗೆ ಚೆನ್ನ, ಇನ್ನೊಂದರದು ಹೊಲದಲ್ಲಿ ಚೆನ್ನ. ಇದೆಲ್ಲ ಅವರ ತಲೆಯಲ್ಲೇ ಇತ್ತು. ಯಾವುದೂ ಬರದ ಮನೆಯಾದರೆ ಖಡಾಖಂಡಿತ ಹೇಳಿಬಿಡುತ್ತಿದ್ದರು. "ನಿಮ್ಮನೇಲಿ ಯಾವುದೂ ಬರಲ್ಲ. ಸುಮ್ನೆ ದುಡ್ಡು ಹಾಳು ಮಾಡ್ಕೋಬ್ಯಾಡ್ರಿ." ಬಂದ ಗಿರಾಕಿಯನ್ನು ಹೀಗೆ ಓಡಿಸುವ ವ್ಯಾಪಾರಿಯನ್ನು ನಾನಂತೂ ಬೇರೆ ಕಂಡಿಲ್ಲ.

ಒಮ್ಮೆ ತರಕಾರಿ ಮಾರುವ ಕೊಟ್ರವ್ವ ಕೊಡೆಯ ಕೆಳಗೆ ಬಂದು ಅಳುತ್ತ ಕೂತಳು. ಮಗ ಲೋಕಿಕೆರೆ ಕಡೆ ಕೆಲಸಕ್ಕೆ ಹೋಗಿದ್ದ. "ಯಾವಾಗ ಮಾಡಿದ್ರೂ ಸ್ವಿಚ್ ಆಫ್ ಅಂತೈತ್ರಿ. ಬೇಕಂತ್ಲೇ ಆಫ್ ಮಾಡ್ಕೊಂಡು ಕುಂತಾನ. ಹೆತ್ತವಳು ಬ್ಯಾಡಾಗೀನಿ ಅವನಿಗೆ."

ಸಾಹೇಬರು ಕೈಯಲ್ಲಿದ್ದ ಕೆಲಸ ಬಿಟ್ಟರು. "ಹಂಗಲ್ಲವ್ವ. ಸಿಗ್ನಲ್ ಇಲ್ಲದ ಜಾಗದಾಗೆ ಫೋನ್ ಬಹಳ ಹೊತ್ತಿದ್ರೆ, ಆನ್ ಇದ್ರೂ ಆ ರೆಕಾರ್ಡಿನ ಹೆಂಗಸು ಸ್ವಿಚ್ ಆಫ್ ಅಂತ್ಲೇ ಹೇಳ್ತಾಳೆ. ಅವಳಿಗೇನು ಗೊತ್ತು ನಿನ್ನ ಮಗನ ಮನಸ್ಸು? ಹುಡುಗನ್ನ ಬೈಬ್ಯಾಡ, ಸಿಮ್ ಬದಲಾಯಿಸೋಣ." ಬದಲಾಯಿಸಿಯೂ ಕೊಟ್ಟರು. ಎಂಟು ದಿನಕ್ಕೆ ಕೊಟ್ರವ್ವ ಒಂದು ಬುಟ್ಟಿ ಬದನೆಕಾಯಿ ತಂದು ಅವರ ಮುಂದಿಟ್ಟು ಹೋದಳು.

ಸಾಹೇಬರಿಗೆ ಇದ್ದವಳು ಒಬ್ಬಳೇ ಮಗಳು, ನೂರೀನ್. ಹೆಂಡತಿ ಸುಗ್ರಾಬಿಯವರಿಗೆ ಮೊಣಕಾಲು ನೋವು, ಬಿಪಿ ಬೇರೆ. ಅವರು ಬಸ್ ಹತ್ತುವುದನ್ನು ಬಿಟ್ಟೇ ನಾಲ್ಕು ವರ್ಷವಾಗಿತ್ತು. ಮಗಳಿಗೆ ಗಂಡು ನೋಡಲು ಶುರುವಾದಾಗ ಆಯಮ್ಮನದು ಒಂದೇ ಕರಾರು. "ಯಾವ ಊರಿಗಾದ್ರೂ ಕೊಡ್ರಿ, ಹೆಂಥಾ ಮನೆಗಾದ್ರೂ ಕೊಡ್ರಿ. ದಿನಕ್ಕೊಂದು ಸಲ ಅವಳ ದನಿ ನನ್ನ ಕಿವಿಗೆ ಬೀಳಬೇಕು." ನೆಟ್‌ವರ್ಕ್ ಸರಿಯಿಲ್ಲದ ಊರೆಂದು ಎರಡು ಒಳ್ಳೆ ಸಂಬಂಧಗಳನ್ನು ಅವರೇ ವಾಪಸ್ ಕಳಿಸಿದ್ದರು.

ಮೂರನೆಯದು ಕಡರನಾಯಕನಹಳ್ಳಿಯ ಮುದಸ್ಸಿರ್. ದಾವಣಗೆರೆಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕೆಲಸ, ದುಶ್ಚಟವಿಲ್ಲ, ಕೊಡುವುದು ಬಿಡುವುದು ಏನೂ ಬೇಡ ಎಂದ ಮನೆ. ಸಾಹೇಬರು ಮನೆ ನೋಡಲು ಹೋದರು. ಒಳಗೆ ಕಾಲಿಡುತ್ತಲೇ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಮೂರು ಫೋನಿನಲ್ಲೂ ಸೊನ್ನೆ. ಪಡಸಾಲೆಯಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ, ಹಿತ್ತಲಲ್ಲೂ ಇಲ್ಲ. ಮಾಳಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಂತಾಗ ಎರಡು ಕಡ್ಡಿ ಬಂದವು. ಊರಾಚೆ ಟವರಿಗೆ ಗುಂಡಿ ತೋಡಿದ್ದನ್ನು ಅಲ್ಲಿಂದಲೇ ಕಂಡರು. ಇನ್ನಾರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಕೆಳಗಿಳಿದು ಶರಬತ್ತು ಕುಡಿದರು.

ಮನೆಗೆ ಬಂದಾಗ ಸುಗ್ರಾಬಿ ಕೇಳಿದ್ದು ಹುಡುಗನ ಬಗ್ಗೆಯಲ್ಲ. "ಅಲ್ಲಿ ಫೋನಿಗೆ ಸಿಗ್ನಲ್ ಬರುತ್ತಾ?"

"ಬರುತ್ತೆ," ಎಂದರು ಸಾಹೇಬರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವರು ಹೇಳಿದ್ದು ಒಂದೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಆಗ ನನಗೆ ಗೊತ್ತಿದ್ದರೆ ಈ ಗಾದೆಯನ್ನು ಅವರ ಮುಖಕ್ಕೇ ಹೇಳುತ್ತಿದ್ದೆ.

ಮದುವೆಯಾದ ಮೊದಲ ಎರಡು ತಿಂಗಳು ಸುಳ್ಳು ಸುಳ್ಳೆಂದು ಗೊತ್ತಾಗಲೇ ಇಲ್ಲ. ಸಂಜೆ ಐದಕ್ಕೆ ನೂರೀನ್ ಮಾಳಿಗೆ ಹತ್ತಿ, ಟ್ಯಾಂಕಿನ ಪಕ್ಕ ನಿಂತು ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಅವಳು ಎಲ್ಲಿ ನಿಂತು ಮಾತಾಡುತ್ತಾಳೆಂದು ಸುಗ್ರಾಬಿ ಕೇಳಲಿಲ್ಲ. ಏನು ಅಡುಗೆ, ಯಾರು ಬಂದಿದ್ದರು, ಎಮ್ಮೆ ಕರು ಹಾಕಿತೇ, ಇಷ್ಟರಲ್ಲೇ ಅರ್ಧ ಗಂಟೆ. ಆಯಮ್ಮನ ಮುಖ ತುಂಬಿಕೊಂಡಿತ್ತು ಎಂದು ಸಾಹೇಬರೇ ನನಗೆ ಹೇಳಿ ಹಿಗ್ಗುತ್ತಿದ್ದರು.

ಆಮೇಲೆ ಬೀಗರಿಂದ ಮಾತು ಬಂತು. ಕೆಟ್ಟ ಜನವಲ್ಲ ಅವರು, ಓಣಿಯ ಬಾಯಿಗೆ ಹೆದರುವ ಜನ. ಹೊಸ ಸೊಸೆ ದಿನಾ ಸಂಜೆ ಮಾಳಿಗೆ ಮೇಲೆ ನಿಂತು ನಗುನಗುತ್ತಾ ಫೋನಿನಲ್ಲಿ ಮಾತಾಡುತ್ತಾಳೆ, ಯಾರ ಜೊತೆಗೋ ಏನೋ ಎಂದು ಓಣಿಯವರು ಆಡಿಕೊಳ್ಳುತ್ತಿದ್ದಾರೆ ಎಂದರು. ಒಳಗೆ ವೈಫೈ ಎಳೆಸಿಕೊಡುತ್ತೇನೆ ಎಂದು ಸಾಹೇಬರು ಅಂದರೆ, ಆ ಊರಿಗೆ ಆ ತಂತಿಯೇ ಬಂದಿರಲಿಲ್ಲ. ಮರ್ಯಾದೆಯ ಮಾತು ಬಂದಾಗ ಹೆಣ್ಣು ಹೆತ್ತವರು ಮಾಡುವುದನ್ನೇ ಇವರೂ ಮಾಡಿದರು. ಅಲ್ಲಿಗೇ ಹೋಗಿ ಮಗಳಿಗೆ ಹೇಳಿದರು. "ಟವರ್ ಬರೋತನಕ ಮೇಲೆ ಹತ್ತಬ್ಯಾಡ ಮಗಳೇ. ಸಿಗ್ನಲ್ ಇಲ್ಲ ಅಂತ ಅಮ್ಮಿಗೂ ಹೇಳಬ್ಯಾಡ, ಬಿಪಿ ಐತೆ, ಮನಸ್ಸಿಗೆ ಹಚ್ಕೊಳ್ತಾಳೆ." ಅಪ್ಪನ ಮಾತು ಮೀರದ ಹುಡುಗಿ, ತಲೆಯಾಡಿಸಿದಳು.

ಅಲ್ಲಿಂದ ಬಂದವರೇ ನನ್ನ ಅಂಗಡಿಯ ಮುಂದೆ ಚಹಾ ಹಿಡಿದುಕೊಂಡು, ಮನೆಯಲ್ಲಿ ಹೇಳಿದ ಸುಳ್ಳೂ ಸೇರಿ ಇದಿಷ್ಟನ್ನೂ ಹೇಳಿದರು. ನನಗೆ ರೇಗಿತು. "ಮನೇಲಿ ಹೇಳಿಬಿಡ್ರಿ ಸಾಹೇಬ್ರೆ. ಒಂದಿನ ಬೈತಾರೆ, ಎರಡು ದಿನ ಅಳ್ತಾರೆ, ಮುಗೀತು."

"ಟವರ್ ಬರುತ್ತಲ್ಲ ಸ್ವಾಮಿ," ಎಂದರು.

ಟವರ್ ಬರಲಿಲ್ಲ. ಗುಂಡಿಯಲ್ಲಿ ನೀರು ನಿಂತು ಎಮ್ಮೆಗಳು ಮಲಗಿದವು.

ಸುಗ್ರಾಬಿ ದಿನಾ ಐದು ಗಂಟೆಗೆ ಫೋನ್ ಮಾಡುತ್ತಿದ್ದರು. ಸ್ವಿಚ್ ಆಫ್. ಆರಕ್ಕೂ ಸ್ವಿಚ್ ಆಫ್. ದಾವಣಗೆರೆಯಿಂದ ಅಳಿಯ ಆಗಾಗ ಫೋನ್ ಮಾಡಿ, ಮಾವ ಹೇಳಿದಂತೆ ಸಿಗ್ನಲ್ಲಿನ ಮಾತೆತ್ತದೆ, ಎಲ್ಲರೂ ಚೆನ್ನಾಗಿದ್ದಾರೆ ಎನ್ನುತ್ತಿದ್ದ. ಸುದ್ದಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಮನೆಯಲ್ಲಿ ಸಿಗ್ನಲ್ ಇದೆ ಎಂದು ಗಂಡನೇ ನೋಡಿ ಬಂದು ಹೇಳಿದ್ದಾನೆ, ಎರಡು ತಿಂಗಳು ಮಾತಾಡಿಯೂ ಆಗಿದೆ. ಅಂದಮೇಲೆ ಮಗಳೇ ಫೋನ್ ಆಫ್ ಮಾಡುತ್ತಿದ್ದಾಳೆ ಎಂದಲ್ಲದೆ ಆ ತಾಯಿ ಬೇರೇನು ತಿಳಿದುಕೊಳ್ಳಬೇಕು? ಕೊಟ್ರವ್ವನಿಗೆ ಬಿಡಿಸಿ ಹೇಳಿದ ಅದೇ ಮಾತನ್ನು ಸಾಹೇಬರು ತಮ್ಮ ಮನೆಯಲ್ಲಿ ಹೇಳುವಂತಿರಲಿಲ್ಲ. ಹೇಳಿದರೆ ತಮ್ಮ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತು.

ಒಂದು ದಿನ ಸುಗ್ರಾಬಿ ಆಸ್ಪತ್ರೆ ಚೀಟಿ ಜೆರಾಕ್ಸ್ ಮಾಡಿಸಲು ಆಟೋದಲ್ಲಿ ಬಂದರು. ಕೂಡ್ರಿ ಎಂದು ಕುರ್ಚಿ ಕೊಟ್ಟೆ. ಕಾಗದ ಹೊರಬರುವುದನ್ನು ನೋಡುತ್ತಾ ಕೇಳಿದರು. "ಸ್ವಾಮಣ್ಣ, ನಿಮ್ಮ ಮಗಳು ಫೋನ್ ಮಾಡ್ತಾಳಾ?"

"ವಾರಕ್ಕೆ ಎರಡು ಮೂರು ಸಲ ಮಾಡ್ತಾಳಮ್ಮ."

"ಪುಣ್ಯವಂತ್ರು ಬಿಡ್ರಿ," ಎಂದರು. "ನಮ್ಮಾಕಿಗೆ ಈಗ ಅತ್ತೆನೇ ಅಮ್ಮ. ಇರ್ಲಿ, ಅವಳು ಸುಖವಾಗಿದ್ರೆ ಸಾಕು."

ಹೇಳಬೇಕಾದದ್ದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೊಡೆಯ ಕೆಳಗಿನಿಂದ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಇನ್ನೊಬ್ಬರ ಸಂಸಾರದಲ್ಲಿ ನಾನ್ಯಾಕೆ ಬಾಯಿ ಹಾಕಲಿ ಎಂದು ಚೀಟಿಗಳನ್ನು ಪಿನ್ ಮಾಡಿ ಕೊಟ್ಟೆ. ಇದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ರಂಜಾನ್ ಹಬ್ಬಕ್ಕೆ ನೂರೀನ್ ಎರಡು ದಿನ ತವರಿಗೆ ಬಂದಳು. ತಾಯಿ ಮಗಳು ಒಂದೇ ಮನೆಯಲ್ಲಿ ಇದ್ದರೂ ಮಾತು ಬಿಚ್ಚಲಿಲ್ಲ. ತಾಯಿಗೆ ಬಿಗುಮಾನ, ಮಗಳಿಗೆ ಅಪ್ಪನ ಮಾತಿನ ಕಟ್ಟು. ಸಾಹೇಬರು ಮಾತ್ರ ಹಬ್ಬದ ಮಾರನೇ ದಿನವೇ ಕೊಡೆ ಬಿಚ್ಚಿಕೊಂಡು ಕೂತರು. ಮನೆಯಲ್ಲಿ ಕೂರಲು ಆಗಲಿಲ್ಲ ಎಂದರು.

ಹಬ್ಬವಾಗಿ ಒಂದೂವರೆ ತಿಂಗಳಿಗೆ, ಒಂದು ಬುಧವಾರ ಬೆಳಿಗ್ಗೆ ಸುಗ್ರಾಬಿ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದರು. ನನ್ನ ಪರಿಚಯದವರ ಕಾರಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿದೆವು. ನಾನೂ ಜೊತೆಗೆ ಹೋಗಿದ್ದೆ. ಮುದಸ್ಸಿರನಿಗೆ ಸುದ್ದಿ ಮುಟ್ಟಿಸಿದೆವು. ಅವನು ಕೆಲಸ ಬಿಟ್ಟು ಹೆಂಡತಿಯನ್ನು ಕರೆತರಲು ಬೈಕಿನಲ್ಲಿ ಹೊರಟ. ಅಲ್ಲಿಗೆ ಅವನೇ ಹೋಗಬೇಕಿತ್ತು, ಬೇರೆ ದಾರಿಯಿರಲಿಲ್ಲ.

ಸುಗ್ರಾಬಿಗೆ ಎಚ್ಚರವಿತ್ತು. ಗಂಡನ ಕೈಯಲ್ಲಿ ಫೋನ್ ನೋಡಿ ಕಣ್ಣಲ್ಲೇ ಹತ್ತಿರ ಕರೆದರು. ಹೊರಗಿನವನಾದ ನಾನಿದ್ದುದರಿಂದಲೋ ಏನೋ, ಕನ್ನಡದಲ್ಲೇ ಹೇಳಿದರು. "ನೂರೀನಳ ಅಬ್ಬಾ, ಅವಳಿಗೆ ಫೋನ್ ಮಾಡಬ್ಯಾಡ್ರಿ. ಆಫ್ ಮಾಡ್ಕೊಂಡಿರ್ತಾಳೆ. ಮನಸ್ಸಿಲ್ಲದವರಿಗೆ ಯಾಕ ತೊಂದ್ರೆ ಕೊಡಬೇಕು."

"ಹಂಗಲ್ಲ ಸುಗ್ರಾ," ಎಂದರು ಸಾಹೇಬರು. ಅಷ್ಟೇ ಹೇಳಿದರು. ನರ್ಸ್ ಬಂದು, ಪೇಷಂಟ್ ಹತ್ರ ಮಾತಾಡಬ್ಯಾಡ್ರಿ, ಹೊರಗೆ ಇರ್ರಿ ಎಂದಳು. ನಾವು ಹೊರಗೆ ಬಂದೆವು.

ಕಾರಿಡಾರಿನಲ್ಲಿ ನಾನು ಅವರ ರಟ್ಟೆ ಹಿಡಿದು ನಿಲ್ಲಿಸಿದೆ. "ಒಂದೇ ಒಂದು ಮಾತು ಹೇಳಿ ಬರ್ರಿ. ಆ ಮನೇಲಿ ಸಿಗ್ನಲ್ ಇಲ್ಲ, ನಾನೇ ಸುಳ್ಳು ಹೇಳಿದ್ದೆ ಅಂತ. ನರ್ಸ್ ಕಾಲು ನಾನು ಹಿಡ್ಕೊಳ್ತೀನಿ."

"ಮನಸ್ಸು ಕದಡೋ ಮಾತು ಬ್ಯಾಡ ಅಂದಾರೆ ಡಾಕ್ಟ್ರು," ಎಂದರು. "ಸಂಜೆ ವಾರ್ಡಿಗೆ ಹಾಕ್ತಾರಂತೆ ಸ್ವಾಮಿ. ಅಷ್ಟೊತ್ತಿಗೆ ನೂರೀನೂ ಬಂದಿರ್ತಾಳೆ. ಇಬ್ಬರನ್ನೂ ಕೂರಿಸ್ಕೊಂಡು ಹೇಳಿಬಿಡ್ತೀನಿ." ಡಾಕ್ಟರ ಮಾತು ಅವರಿಗೆ ಒಂದು ನೆಪವಾಯಿತು. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನಾನೂ ರಟ್ಟೆ ಬಿಟ್ಟುಬಿಟ್ಟೆ.

ಸಂಜೆಯತನಕ ಸುಗ್ರಾಬಿ ಉಳಿಯಲಿಲ್ಲ. ಹನ್ನೆರಡೂವರೆಗೆ ಎಲ್ಲ ಮುಗಿದಿತ್ತು. ಮುದಸ್ಸಿರ್ ಊರು ಮುಟ್ಟಿ ಹೇಳುವಾಗ ನೂರೀನ್ ರೊಟ್ಟಿ ತಟ್ಟುತ್ತಿದ್ದಳಂತೆ. ಅವರು ದಾರಿಯಲ್ಲಿರುವಾಗಲೇ ಸುದ್ದಿ ಮುಟ್ಟಿ, ದಾವಣಗೆರೆಗೆ ಹೋಗದೆ ಹರಿಹರದ ಮನೆಗೇ ಬಂದರು. ಅಂಗಳದಲ್ಲಿ ಅಮ್ಮನ ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಿದರು. ಹುಡುಗಿ ಅಳಲಿಲ್ಲ. ಅಪ್ಪನ ಕಡೆ ತಿರುಗಿ, "ಅಮ್ಮಿ ನನ್ನ ಕೇಳಿದ್ಲಾ?" ಎಂದಳು. ಸಾಹೇಬರು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ಮಣ್ಣು ಮಾಡಿದ್ದಾಯಿತು.

ನಲವತ್ತು ದಿನ ಸಾಹೇಬರು ಕೊಡೆ ಬಿಚ್ಚಲಿಲ್ಲ. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿಕೊಂಡು ನೂರೀನ್ ಊರಿಗೆ ಹೊರಟ ದಿನ, ಅವಳನ್ನು ಬಸ್ಸಿಗೆ ಬಿಡಲು ಬಂದು ನನ್ನ ಅಂಗಡಿಯ ಮುಂದೆ ನಿಂತರು. ನಾನು ಕೇಳಿಸಿಕೊಳ್ಳಲಿ ಎಂದೇ ಅಲ್ಲಿ ನಿಂತರೋ, ಕಾಲು ಅಭ್ಯಾಸದಂತೆ ಅಲ್ಲಿಗೆ ಬಂತೋ ಗೊತ್ತಿಲ್ಲ. ಉರ್ದುವಿನಲ್ಲಿ ಮಗಳಿಗೆ ಎಲ್ಲ ಹೇಳಿದರು. ಮನೆ ನೋಡಲು ಹೋದ ದಿನ ಮೂರು ಫೋನಿನಲ್ಲೂ ಏನೂ ಬರದಿದ್ದದ್ದು, ಬರುತ್ತೆ ಎಂದಿದ್ದು, ಅವಳು ಫೋನ್ ಆಫ್ ಮಾಡುತ್ತಾಳೆಂದು ಅಮ್ಮ ತಿಳಿದದ್ದು, ಆಸ್ಪತ್ರೆಯಲ್ಲಿ ಅಮ್ಮ ಆಡಿದ ಮಾತು. ಹದಿನೇಳು ವರ್ಷ ಪಕ್ಕದಲ್ಲಿ ಕೂತು ನನಗೂ ಅಷ್ಟು ಉರ್ದು ಅರ್ಥವಾಗುತ್ತದೆ. ಯಾವುದನ್ನೂ ಮುಚ್ಚಿಡಲಿಲ್ಲ ಅವರು.

ನೂರೀನ್ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ಈದಿಗೆ ಬಂದಾಗ ಅಮ್ಮಿ ನನ್ನ ತಲೆಗೆ ಎಣ್ಣೆ ಹಚ್ಚಲಿಲ್ಲ ಅಬ್ಬಾ. ಹುಟ್ಟಿದಾಗಿನಿಂದ ಒಂದು ಈದೂ ತಪ್ಪಿಸಿರಲಿಲ್ಲ. ನಾನೇನು ತಪ್ಪು ಮಾಡೀನಿ ಅಂತ ಊರಿಗೆ ಹೋಗಿ ಎಷ್ಟೋ ದಿನ ಅತ್ತೀನಿ."

"ನಂದೇ ತಪ್ಪು ಮಗಳೇ. ಅದನ್ನೇ ಹೇಳಿದ್ನಲ್ಲ."

"ನನಗೆ ಹೇಳಿ ಏನಾಗಬೇಕು?" ಎಂದಳು. ದನಿ ಏರಿರಲಿಲ್ಲ. "ಅಮ್ಮಿಗೆ ಹೇಳಬೇಕಿತ್ತು."

ಕಡರನಾಯಕನಹಳ್ಳಿಯ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕೂತಳು. ಬಸ್ಸು ತಿರುಗುವವರೆಗೂ ಇಬ್ಬರನ್ನೂ ನೋಡುತ್ತಿದ್ದಳು, ಅಪ್ಪನನ್ನು ಮತ್ತು ನನ್ನನ್ನು. ನನಗೂ ಗೊತ್ತಿತ್ತೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ. ನಾನೇ ತಲೆ ತಗ್ಗಿಸಿದೆ.